ಮಗುವಿನ ವರ್ಧಂತಿ



ಈ ಸಂಜೆ ನಾನು ಎತ್ತಿಕೊಂಡಿರುವ ವಿಷಯವು ಬಹು ಚಿಕ್ಕದು. ಅದರ ಎತ್ತರ ಮೂರಡಿಗೆ ಒಂದೆರಡು ಅಂಗುಲ ಕಡಮೆ; ತೂಕ ಹನ್ನೆರಡು ಕಿಲೋಗ್ರಾಮಿನ ಆಸುಪಾಸು; ಅದು ಬಲ್ಲ ಮಾತುಗಳಲ್ಲಿ ಅತ್ಯಂತ ಸ್ಪಷ್ಟವಾದುದು ‘ಬೇಡ’ ಎಂಬುದು. ಎರಡು ವರುಷ ತುಂಬುತ್ತಿರುವ ಮಗುವಿನ ವಿಚಾರವನ್ನು ಹೇಳುತ್ತಿದ್ದೇನೆಂದು ನೀವು ಆಗಲೇ ಊಹಿಸಿರಬಹುದು. ಅಂಥ ಮಗುವಿನ ಹುಟ್ಟುಹಬ್ಬವನ್ನು, ಹಿರಿಯರ ಮಾತಿನಲ್ಲಿ ಹೇಳುವುದಾದರೆ ವರ್ಧಂತಿಯನ್ನು, ಸರಳವಾಗಿಯೂ ಸಂತೋಷವಾಗಿಯೂ ನಡೆಸುವುದು ಹೇಗೆ ಎಂಬುದೇ ನನ್ನ ಪ್ರಸ್ತಾಪ.

ಕಾಲೇಜಿನಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಪಾಠ ಹೇಳುವವನಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳುವವರು ಕೇಳಬಹುದು. ಸಂಬಂಧ ಇಷ್ಟೆ: ನಾನು ಒಂದು ಮಗುವಿಗೆ ಸೋದರಮಾವ. ಆ ಮಗುವಿನ ಮೊದಲನೆಯ ವರ್ಧಂತಿಯ ವ್ಯವಸ್ಥೆಯನ್ನು ನಾನೇ ವಹಿಸಿಕೊಂಡು, ನಾನೇ ಕೆಡಿಸಿದೆ. ಎರಡನೆಯದನ್ನು ಕೆಡಿಸದಿರುವುದಕ್ಕಾಗಿ ಏನೇನು ಕಲಿಯಬೇಕಾಯಿತೋ ಅದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮದು ಮೂರು ಊರುಗಳ ಸಂಸಾರ. ನನ್ನ ತಂಗಿಯೂ ಅವಳ ಗಂಡನೂ ಮಂಡ್ಯದಲ್ಲಿದ್ದಾರೆ. ಅವಳ ಅತ್ತೆಮಾವಂದಿರು ಮದ್ದೂರಿನ ಬಳಿಯ ಬೇಸಾಯಗಾರರು. ನಮ್ಮ ತಾಯಿ ಮಳವಳ್ಳಿಯ ಹಳೆಯ ಮನೆಯನ್ನು ಬಿಟ್ಟು ಎಲ್ಲಿಗೂ ಬರಲಾರರು. ಅವರ ಮೊಣಕಾಲುಗಳು ಬಸ್ಸಿನ ಮೆಟ್ಟಿಲನ್ನು ಒಪ್ಪುವುದಿಲ್ಲ. ಮಗುವಿಗೆ ಒಂದು ವರುಷ ತುಂಬುವ ಕಾಲ ಬಂದಾಗ ಮೂರು ಮನೆಗಳೂ ಸಮಾರಂಭವು ತಮ್ಮಲ್ಲಿಯೇ ಆಗಬೇಕೆಂದುವು. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಮಧ್ಯಸ್ಥಿಕೆ ವಹಿಸಿ, ಮೂವರಿಗೂ ಸೇರದ ಒಂದು ಜಾಗವನ್ನು ಹುಡುಕಿದೆ. ಅದು ಮಂಡ್ಯದ ಒಂದು ಛತ್ರ.

ಛತ್ರ ದೊಡ್ಡದಾದ ಮೇಲೆ ಜನ ಕಡಮೆಯಾದರೆ ಚೆನ್ನವೆ? ನಾನೂರು ಎಲೆ ಹಾಕಿಸಿದೆವು. ಬಂಧುಗಳು ಕೆಲಸ ಮುಗಿಸಿಕೊಂಡು ಬರಲೆಂದು ಮುಹೂರ್ತವನ್ನು ರಾತ್ರಿ ಏಳೂವರೆಗೆ ಇಟ್ಟೆವು. ಮಗು ದಿನವೂ ಮಲಗುವ ಹೊತ್ತೂ ಅದೇ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಜರಿಯ ಲಂಗ ಅದರ ಕೊರಳನ್ನು ಚುಚ್ಚುತ್ತಿತ್ತು. ಧ್ವನಿವರ್ಧಕ ಅದರ ಕಿವಿಯ ಬಳಿಯೇ ಅರಚುತ್ತಿತ್ತು. ಕಂಡುಕೇಳದ ಕೈಗಳು ಅದರ ಗಲ್ಲವನ್ನು ಹಿಂಡುತ್ತಿದ್ದುವು. ಯಾವನೋ ಹುಡುಗ ಒಂದು ಬಲೂನನ್ನು ಒಡೆದ. ಅಲ್ಲಿಂದ ಮೊದಲಾದ ಅಳು ತಾಯಿಯ ಹೆಗಲ ಮೇಲೆ ನಿದ್ರೆಯಲ್ಲಿ ಕೊನೆಗೊಂಡಿತು. ಕೇಕನ್ನು ಕತ್ತರಿಸಿದವರು ಅಕ್ಕಪಕ್ಕದ ಹುಡುಗರು. ಆ ದಿನದ ಭಾವಚಿತ್ರ ಈಗಲೂ ನಮ್ಮಲ್ಲಿದೆ: ನಲವತ್ತು ಜನ ದೊಡ್ಡವರು ನಗುತ್ತ ನಿಂತಿದ್ದಾರೆ; ಮಗುವಿನದು ಹಿಂದಲೆ ಮಾತ್ರ ಕಾಣುತ್ತದೆ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತೆಂಬುದನ್ನು ನೀವು ಬಲ್ಲಿರಿ. ಕಬ್ಬು ಒಂದು ವರುಷದ ಆಸುಪಾಸಿನ ಬೆಳೆ. ಅದರ ಹಣ ನಮ್ಮಂಥವರ ಸಂಬಳದಂತೆ ತಿಂಗಳಿಗೊಮ್ಮೆ ಬರುವುದಿಲ್ಲ. ಕಟಾವಾದ ಮೇಲೆ ಒಟ್ಟಾಗಿ ಬರುತ್ತದೆ. ನಡುವೆ ಬಂದ ಸಂಭ್ರಮಕ್ಕೆಲ್ಲ ಕೈಸಾಲವೇ ಗತಿ. ನಮ್ಮ ಬೀಗರು ಗದ್ದೆಯಲ್ಲಿ ನಿಂತಿದ್ದ ಬೆಳೆಯನ್ನು ನಂಬಿ ಸಾಲ ತಂದಿದ್ದರು. ಆ ಸಾಲ ತೀರುವ ಹೊತ್ತಿಗೆ ಮಗು ನಡೆಯುವುದನ್ನೂ ಓಡುವುದನ್ನೂ ಕಲಿತಿತ್ತು.

ಸಮಾರಂಭದ ಮರುದಿನ ಮಳವಳ್ಳಿಗೆ ಹೋಗಿ ತಾಯಿಗೆ ಎಲ್ಲವನ್ನೂ ವರ್ಣಿಸಿದೆ. ಎಷ್ಟು ಜನ ಬಂದರು, ಏನೇನು ಅಡಿಗೆ, ಯಾರು ಯಾವ ಉಡುಗೊರೆ ತಂದರು, ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮಗ ನಗ್ತಾ ಇತ್ತೇನಪ್ಪ?” ನನಗೆ ಉತ್ತರ ಹೊಳೆಯಲಿಲ್ಲ.

ಶ್ರೋತೃಗಳೇ, ಇದರಲ್ಲಿ ತಪ್ಪು ಯಾವ ಪದ್ಧತಿಯದು? ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದುದೇ ತಪ್ಪೆಂದು ಕೆಲವರು ಹೇಳುವರು. ನಾನು ಹಾಗೆಣಿಸುವುದಿಲ್ಲ. ನಮ್ಮ ಮನೆಗಳಲ್ಲಿ ಜನ್ಮನಕ್ಷತ್ರದ ದಿನ ಬೆಳಗ್ಗೆ ಮಗುವಿಗೆ ಎಣ್ಣೆನೀರು ಹಾಕಿ, ಹೊಸ ಬಟ್ಟೆ ತೊಡಿಸಿ, ಆರತಿ ಎತ್ತಿ, ಏನಾದರೊಂದು ಸಿಹಿ ಮಾಡುತ್ತಿದ್ದರು. ಮಗುವಿನ ಹಗಲ ನಿದ್ರೆಗೆ ಮೊದಲೇ ಎಲ್ಲವೂ ಮುಗಿಯುತ್ತಿತ್ತು. ಮೇಣದ ಬತ್ತಿಯ ಕೇಕಾದರೋ ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕಾಗಿಯೇ ಬಳಕೆಯಲ್ಲಿದ್ದುದು. ಈಗ ಎಲ್ಲೆಲ್ಲಿಯೂ ಕೇಳಿಬರುವ ಹುಟ್ಟುಹಬ್ಬದ ಇಂಗ್ಲಿಷ್ ಹಾಡಿನ ಧಾಟಿಯನ್ನು ಅಮೆರಿಕದ ಕೆಂಟಕಿ ಸಂಸ್ಥಾನದ ಹಿಲ್ ಎಂಬ ಮನೆತನದ ಸೋದರಿಯರಿಬ್ಬರು 1893ರಲ್ಲಿ ಪ್ರಕಟಿಸಿದರು. ಅದು ಶಿಶುಶಾಲೆಯಲ್ಲಿ ಬೆಳಗಿನ ವಂದನೆಗೆಂದು, ಎಳೆಯ ಬಾಯಿಗಳಿಗೆ ಸುಲಭವಾಗಲೆಂದು ರಚಿತವಾದುದು. ನಮ್ಮದೂ ಅವರದೂ ಎರಡೂ ಮಗುವಿನ ಅಳತೆಗೆ ಹೊಲಿದ ಅಂಗಿಗಳೇ. ದೊಡ್ಡವರಾದ ನಾವು ಅವುಗಳೊಳಗೆ ನುಗ್ಗಿ ಹರಿದಿದ್ದೇವೆ.

ಹಾಗಾದರೆ ಮಗುವಿನ ಅಳತೆ ಯಾವುದು? ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ಹೆಸರಿನ ಶಿಶುವಿಹಾರವೊಂದು ಆ ನಗರದಲ್ಲಿದೆ. ಆದುದರಿಂದ ಇಂಥ ಭಾಷಣದಲ್ಲಿ ಮನಶ್ಶಾಸ್ತ್ರದ ಒಂದು ಮಾತನ್ನು ತಂದರೆ ತಪ್ಪಾಗದು. ಮಿಲ್ಡ್ರೆಡ್ ಪಾರ್ಟನ್ ಎಂಬ ವಿದುಷಿಯು 1932ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಚಿಕ್ಕ ಮಕ್ಕಳ ಆಟವನ್ನು ವಿಂಗಡಿಸಿದಳು. ತೀರ ಎಳೆಯ ಮಕ್ಕಳು ಒಬ್ಬರೊಡನೊಬ್ಬರು ಆಡುವುದಕ್ಕಿಂತ ಹೆಚ್ಚಾಗಿ ಒಬ್ಬರ ಪಕ್ಕದಲ್ಲೊಬ್ಬರು ಕುಳಿತು ತಮ್ಮ ತಮ್ಮ ಆಟವನ್ನು ಆಡಿಕೊಳ್ಳುತ್ತಾರೆ. ಎರಡು ವರುಷದವರನ್ನು ಸಾಲಾಗಿ ನಿಲ್ಲಿಸಿ ಪಂದ್ಯ ನಡೆಸಿ ಬಹುಮಾನ ಕೊಡಲು ಹೊರಡುವುದು ಎಷ್ಟು ವ್ಯರ್ಥವೆಂಬುದು ಇದರಿಂದ ತಿಳಿಯುತ್ತದೆ. ಇನ್ನು ನಿದ್ರೆ. ಒಂದರಿಂದ ಎರಡು ವರುಷದವರೆಗಿನ ಮಗುವಿಗೆ ಹಗಲ ನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರ ತನ್ನ ಸೂಚನೆಗಳಲ್ಲಿ ಹೇಳಿದೆ. ಪಂಚಾಂಗವನ್ನು ನೋಡುವ ಮೊದಲು ತೊಟ್ಟಿಲನ್ನು ನೋಡಬೇಕು.

ಎರಡನೆಯ ವರುಷ ನಾನು ಈ ತತ್ತ್ವಗಳನ್ನು ಹಿಡಿದುಕೊಂಡು ಮದ್ದೂರಿಗೆ ಹೋದೆ. ಮಗುವಿನ ವಯಸ್ಸಿಗೆ ಒಂದನ್ನು ಕೂಡಿಸಿದರೆ ಎಷ್ಟೋ ಅಷ್ಟು ಮಕ್ಕಳನ್ನು ಕರೆಯತಕ್ಕದ್ದು, ಎಂದರೆ ಮೂವರು. ಬೆಳಗ್ಗೆ ಹತ್ತಕ್ಕೆ ಮೊದಲುಮಾಡಿ ಹನ್ನೊಂದೂವರೆಗೆ ಮುಗಿಸತಕ್ಕದ್ದು. ಸ್ಥಳ ಮಳವಳ್ಳಿಯ ಮನೆಯ ಹಜಾರ, ಏಕೆಂದರೆ ಬರಲಾರದವರು ಇರುವುದು ಅಲ್ಲಿ. ಬೀಗರು ಎಲ್ಲವನ್ನೂ ಸಾವಧಾನವಾಗಿ ಕೇಳಿ ತಲೆಯಾಡಿಸಿದರು.

“ಮುಯ್ಯಿ ಬರೆದೋರ್ನ ಕರೀದೆ ಎಂಗ್ ಬುಡಾದು ಮೇಷ್ಟ್ರೇ? ನಾಳೆ ಅವರ ಮನೆ ಮುಂದೆ ಯಾವ ಮೊಕ ಹೊತ್ಕೊಂಡು ಓಡಾಡದು?”

ಪಟ್ಟಣದ ಶ್ರೋತೃಗಳಲ್ಲಿ ಕೆಲವರಿಗೆ ಮುಯ್ಯಿಯ ಪರಿಚಯ ಇಲ್ಲದಿರಬಹುದು. ಶುಭಕಾರ್ಯಗಳಲ್ಲಿ ಬಂಧುಗಳು ಕೊಡುವ ಹಣವೇ ಮುಯ್ಯಿ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯ ಬಂದಾಗ ಹಿಂದಿರುಗಿಸಬೇಕು. ಮದುವೆಯಂಥ ದೊಡ್ಡ ವೆಚ್ಚವನ್ನು ಊರೇ ಹೆಗಲು ಕೊಟ್ಟು ಹೊರುವ ಒಳ್ಳೆಯ ಏರ್ಪಾಡು ಇದು. ಬೀಗರ ಆತಂಕವನ್ನು ಕಂಡು ನಗಲು ನನಗೆ ಮನಸ್ಸಾಗಲಿಲ್ಲ. ಅದು ಆಡಂಬರವಲ್ಲ, ಮರ್ಯಾದೆಯ ಪ್ರಶ್ನೆ. ನಾನು ಪಾರ್ಟನ್‌ಳ ಹೆಸರನ್ನು ಹೇಳಿದ್ದರೆ ಅವರೇನೂ ಒಪ್ಪುತ್ತಿರಲಿಲ್ಲ. ಹಿಂದಿನ ವರುಷದ ಭಾವಚಿತ್ರವನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಮಗಾನೇ ಕಾಣಾಕಿಲ್ವಲ್ಲ ಇದರಾಗೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ದಾರಿಯನ್ನೂ ಹುಡುಕಿದರು: ಕಬ್ಬು ಕಡಿದ ಮೇಲೆ ಬಂಧುಗಳಿಗೆಲ್ಲ ಒಂದು ದಿನ ಊಟ ಹಾಕುವುದು, ಅದಕ್ಕೆ ಮಗುವಿನ ಹೆಸರನ್ನು ಸೇರಿಸದಿರುವುದು.

ಮೂರು ಮನೆಗಳಿಗೂ ಕೆಲಸ ಹಂಚಿದೆವು. ಬೀಗರು ಆಲೆಮನೆಯ ಹೊಸ ಬೆಲ್ಲವನ್ನು ತಂದರು. ಅದರಿಂದ ಹೆಸರುಬೇಳೆಯ ಪಾಯಸವಾಯಿತು, ಸಿಹಿ ಹದವಾಗಿ. ಜೊತೆಗೆ ಮೆತ್ತನೆಯ ಇಡ್ಲಿ, ಚಿಕ್ಕದಾಗಿ ಹೆಚ್ಚಿದ ಬಾಳೆಯ ಹಣ್ಣು. ಮಕ್ಕಳ ಊಟ ಇಷ್ಟೆ. ಮದ್ದೂರಿನಿಂದ ವಡೆಯೂ ಬಂದಿತು. ಆದರೆ ಈರುಳ್ಳಿ ಮೆಣಸಿನಕಾಯಿ ಸೇರಿದ ಆ ಗರಿಗರಿಯ ತಿನಿಸು ದೊಡ್ಡವರ ಹಲ್ಲಿಗೆ ತಕ್ಕುದು, ಅದನ್ನು ಕೈಗೆಟುಕದ ಗೂಡಿನಲ್ಲಿಟ್ಟೆವು. ಈ ವಿಚಾರದಲ್ಲಿ ಎಚ್ಚರ ಬೇಕು. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಕೊಬ್ಬರಿಯ ಚೂರು, ಪೆಪ್ಪರಮೆಂಟು, ಇವು ಎಳೆಯ ಮಕ್ಕಳ ಉಸಿರಿನ ದಾರಿಗೆ ಅಡ್ಡ ಕೂರತಕ್ಕ ಪದಾರ್ಥಗಳು. ಒಡೆದ ಬಲೂನಿನ ಚೂರೂ ಹಾಗೆಯೇ. ನಮ್ಮ ಹಜಾರದಲ್ಲಿ ಬಲೂನಿನ ಬದಲು ಮಾವಿನ ತೋರಣ ಕಟ್ಟಿದೆವು.

ಆಟದ ಸಾಮಾನಿಗೆ ನಾನು ಚೆನ್ನಪಟ್ಟಣದವರೆಗೆ ಹೋಗಿ, ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಉಂಗುರಗಳ ಗೋಪುರವನ್ನು ತಂದೆ. ತಾಯಿ ಹಳೆಯ ಸೀರೆಯ ಚಿಂದಿಗಳಿಂದ ನಾಲ್ಕು ಚೆಂಡುಗಳನ್ನು ಹೊಲಿದರು. ಬಂದ ಮಕ್ಕಳಿಗೆ ಮರಳಿ ಕೊಟ್ಟ ಉಡುಗೊರೆಯೂ ಅದೇ. ಹಿತ್ತಲಲ್ಲಿ ಒಂದು ಅಗಲ ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ಹಾಕಿ, ಎರಡು ಲೋಟ, ಒಂದು ಸೌಟು, ಒಂದು ಜರಡಿ ಇಟ್ಟೆವು. ನೀರು ಎಷ್ಟೇ ಕಡಮೆಯಿದ್ದರೂ ಅದರ ಪಕ್ಕದಿಂದ ದೊಡ್ಡವರೊಬ್ಬರು ಏಳಕೂಡದೆಂದು ನಿಯಮಮಾಡಿ, ಆ ಕಾವಲನ್ನು ನನಗೇ ಒಪ್ಪಿಸಿದರು.

ನಡೆದುದು ಹೀಗೆ. ಅರಗಿನ ಗೋಪುರವನ್ನು ಮಗು ಒಮ್ಮೆ ನೋಡಿ ಆಚೆ ತಳ್ಳಿ, ಅದು ಬಂದ ರಟ್ಟಿನ ಪೆಟ್ಟಿಗೆಯೊಳಗೆ ಕುಳಿತುಕೊಂಡಿತು. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಒಂದು ಮಗು ಜರಡಿಯಲ್ಲಿ ನೀರು ತುಂಬಲು ಇಪ್ಪತ್ತು ಸಲ ಪ್ರಯತ್ನಿಸಿತು. ನಾನು ತತ್ತ್ವಶಾಸ್ತ್ರದ ತರಗತಿಗಳಲ್ಲಿ ಅಷ್ಟು ತಾಳ್ಮೆಯನ್ನು ಕಂಡಿಲ್ಲ. ಇನ್ನೊಂದು ಮಗು ಬಂದಾಗಿನಿಂದ ತಾಯಿಯ ಸೆರಗನ್ನು ಬಿಡಲಿಲ್ಲ. ಬಿಡೆಂದು ಯಾರೂ ಹೇಳಲಿಲ್ಲ. ಸೌಟಿಗಾಗಿ ಒಂದು ಜಗಳವಾಯಿತು. ಅಡಿಗೆಮನೆಯಿಂದ ಇನ್ನೊಂದು ಸೌಟು ಬಂದುದರಿಂದ ಶಾಂತಿಯಾಯಿತು. ಆರತಿಯ ಹೊತ್ತಿಗೆ ಮಗುವು ಅಜ್ಜಿಯ ಮಡಿಲಲ್ಲಿತ್ತು. ತಟ್ಟೆಯ ಕುಂಕುಮದ ನೀರಿನಲ್ಲಿ ಬೆರಳು ಅದ್ದಿ ಅಜ್ಜಿಯ ಮೂಗಿಗೆ ಹಚ್ಚಿ, ತಾನು ಮಾಡಿದ ಚಿತ್ರವನ್ನು ಕಂಡು ಗಟ್ಟಿಯಾಗಿ ನಕ್ಕಿತು. ಹನ್ನೊಂದೂಕಾಲಕ್ಕೆ ಗಲ್ಲದ ಮೇಲೆ ಪಾಯಸವಿರುವಂತೆಯೇ ನಿದ್ರೆ ಹೋಯಿತು. ನಾವು ಗೊತ್ತುಮಾಡಿದ್ದುದಕ್ಕಿಂತ ಕಾಲುಗಂಟೆ ಮೊದಲು.

ಎಲ್ಲವೂ ಸಲೀಸಾಯಿತೆಂದು ಹೇಳಿದರೆ ಸುಳ್ಳಾದೀತು. ಕಬ್ಬು ಕಡಿದ ಮೇಲೆ ಬೀಗರು ಮಾತಿನಂತೆ ಊಟ ಹಾಕಿದರು. ಆದರೂ ಇಬ್ಬರು ಬಂಧುಗಳು ತಮ್ಮನ್ನು ವರ್ಧಂತಿಗೆ ಕರೆಯಲಿಲ್ಲವೆಂದು ಬರಲಿಲ್ಲ. ಅವರಲ್ಲಿ ಒಬ್ಬರು ಇಂದಿಗೂ ನನ್ನನ್ನು ಕಂಡರೆ ಬೀದಿಯ ಆಚೆ ಪಕ್ಕಕ್ಕೆ ಹೋಗುತ್ತಾರೆ. ಆ ದುಃಖವನ್ನು ನಾನು ಹೊರುತ್ತೇನೆ; ದೊಡ್ಡವರಾದ ನಮಗೆ ಹೊರುವ ಶಕ್ತಿ ಇದೆ. ಎರಡು ವರುಷದ ಮಗುವಿನ ತಲೆಯ ಮೇಲೆ ನಮ್ಮ ಮರ್ಯಾದೆಯ ಗಂಟನ್ನು ಇಡುವುದು ನ್ಯಾಯವಲ್ಲ.

ನಿಮ್ಮ ಮನೆಯಲ್ಲಿಯೂ ಇಂಥ ದಿನ ಬರಬಹುದು. ನಿಮಗೆ ಮಳವಳ್ಳಿಯ ಹಜಾರವಾಗಲಿ ಆಲೆಮನೆಯ ಬೆಲ್ಲವಾಗಲಿ ದೊರೆಯದಿದ್ದರೆ ಚಿಂತೆಯಿಲ್ಲ. ಪಟ್ಟಣದ ಒಂದು ಕೊಠಡಿ, ಒಂದು ಚಾಪೆ, ಅಡಿಗೆಮನೆಯ ಎರಡು ಸೌಟು ಸಾಕು. ಕರೆಯೋಲೆ ಬರೆಯುವ ಮೊದಲು ಆ ಮಗು ಯಾವಾಗ ಮಲಗುತ್ತದೆ, ಏನನ್ನು ತಿನ್ನುತ್ತದೆ, ಯಾರನ್ನು ಕಂಡರೆ ಕೈಚಾಚುತ್ತದೆ ಎಂಬ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಉಳಿದ ವ್ಯವಸ್ಥೆಯೆಲ್ಲ ಆ ಚೀಟಿಯಿಂದಲೇ ಹೊರಡಲಿ. ಸಮಾರಂಭ ಮುಗಿದ ಮೇಲೆ ನಮ್ಮ ತಾಯಿ ಕೇಳಿದ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಎರಡನೆಯ ವರುಷ ಅವರು ಅದನ್ನು ಕೇಳಲಿಲ್ಲ; ಮೂಗಿನ ಮೇಲಿನ ಕುಂಕುಮವನ್ನು ಸಂಜೆಯವರೆಗೂ ಒರಸಿಕೊಂಡಿರಲಿಲ್ಲ.