ಮೊದಲ ಪುಟದ ಪ್ರಶ್ನಾರ್ಥಕ ಚಿಹ್ನೆ

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಚಿದಂಬರ ರಹಸ್ಯ: ಒಂದು ಅಧ್ಯಯನ’ ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರ ವಿಶ್ವಾಸ ದೊಡ್ಡದು. ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿಯ ಬಗ್ಗೆ ಅಧ್ಯಯನ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಪಿಎಚ್.ಡಿ. ಪಡೆದವರೂ ಇದ್ದಾರೆ. ನಾನು ಹೇಳಬೇಕೆಂದು ಬಂದಿರುವುದು ಬೇರೆ ಸಂಗತಿ. ಪುಸ್ತಕ ಓದಿ ಮುಗಿಸಿ, ಅದನ್ನು ಮೇಜಿನ ಮೇಲೆ ವಾಪಸ್ಸು ಇಡುವಾಗ ಜನ ಏನೆಂದರು ಅನ್ನುವುದು.

ನಾನು ಪಾಠ ಹೇಳುತ್ತಿದ್ದ ಮಲೆನಾಡಿನ ಊರಿನಲ್ಲಿ ಒಂದು ಲೈಬ್ರರಿ ಇತ್ತು. ಬಸ್ ಸ್ಟ್ಯಾಂಡಿನ ಎದುರು, ಟೈಲರ್ ಅಂಗಡಿಯ ಮಹಡಿ ಮೇಲೆ ಒಂದೇ ಕೋಣೆ. ಸಂಜೆ ಎರಡು ಗಂಟೆ ಬಾಗಿಲು ತೆಗೆದು ಕೂರುವ ಸಂಬಳವಿಲ್ಲದ ಕೆಲಸ ನನ್ನ ಪಾಲಿಗೆ ಬಂದಿತ್ತು. ಜೂನ್ ಬಂತೆಂದರೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಆಗ ಅವನ್ನು ಹತ್ತು ಹತ್ತಾಗಿ ಕಟ್ಟಿ ಕೆಳಗೆ ಟೈಲರ್ ಹತ್ತಿರ ಇಡುತ್ತಿದ್ದೆವು. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಆತ ಇಸ್ತ್ರಿ ಪೆಟ್ಟಿಗೆಯ ಉಳಿದ ಕಾವಿಗೆ ಒಂದೊಂದನ್ನೇ ತೆರೆದು ಒಣಗಿಸಿಕೊಡುತ್ತಿದ್ದ. ಆ ಊರಿನ ಕನ್ನಡ ಸಾಹಿತ್ಯಕ್ಕೆಲ್ಲ ಸ್ವಲ್ಪ ಸೀದ ಬಟ್ಟೆಯ ವಾಸನೆ.

ಲೈಬ್ರರಿಯಲ್ಲಿ ಹೆಚ್ಚು ಓಡಾಡುತ್ತಿದ್ದದ್ದು ಎರಡು ಬಗೆಯ ಪುಸ್ತಕ. ತ್ರಿವೇಣಿಯವರಿಂದ ಹಿಡಿದು ಸಾಯಿಸುತೆಯವರ ತನಕ ಕೌಟುಂಬಿಕ ಕಾದಂಬರಿಗಳು ಒಂದು ಕಡೆ. ಇನ್ನೊಂದು ಕಡೆ ಪತ್ತೇದಾರಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳು ರಟ್ಟು ಹೋಗಿ, ಮೂಲೆ ಮಡಚಿ, ಆದರೂ ಕಪಾಟಿನಲ್ಲಿ ಎರಡು ದಿನ ನಿಲ್ಲುತ್ತಿರಲಿಲ್ಲ. ಈ ಪತ್ತೇದಾರಿ ಓದುವ ಗುಂಪಿನಲ್ಲಿ ಒಬ್ಬ ಪಾಪಿ ಇದ್ದ. ಓದಿ ಮುಗಿಸಿದ ಕೂಡಲೇ ಮೊದಲ ಪುಟದಲ್ಲಿ ಕೆಂಪು ಪೆನ್ಸಿಲಿನಿಂದ ‘ಕೊಲೆಗಾರ: ಅಡುಗೆಯವನು’ ಅಂತಲೋ ‘ಚಿಕ್ಕಪ್ಪನೇ’ ಅಂತಲೋ ಬರೆದುಬಿಡುತ್ತಿದ್ದ. ರಬ್ಬರಿನಲ್ಲಿ ಉಜ್ಜಿದರೆ ಕೆಂಪು ಇನ್ನಷ್ಟು ಹರಡುತ್ತಿತ್ತು. ಯಾರೆಂದು ಹಿಡಿಯಲು ನಾನು ರಿಜಿಸ್ಟರು ಇಟ್ಟೆ, ಗದರಿಸಿದೆ, ದಂಡ ಹಾಕುತ್ತೇನೆಂದು ಬೋರ್ಡು ಬರೆದೆ. ಪ್ರಯೋಜನವಾಗಲಿಲ್ಲ.

‘ಚಿದಂಬರ ರಹಸ್ಯ’ ಪ್ರಕಟವಾದದ್ದು 1985ರಲ್ಲಿ. ಎರಡು ವರ್ಷಕ್ಕೆ, 1987ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಲೈಬ್ರರಿಗೆ ಬಂದದ್ದು ಪ್ರಶಸ್ತಿಯ ಗಲಾಟೆಯ ನಂತರ. ‘ರಹಸ್ಯ’ ಅನ್ನುವ ಮಾತು ರಟ್ಟಿನ ಮೇಲಿದ್ದದ್ದರಿಂದ ಪುಸ್ತಕ ಜೋಡಿಸುತ್ತಿದ್ದ ನಮ್ಮ ಹುಡುಗ ಅದನ್ನು ಪುರುಷೋತ್ತಮನ ಪಕ್ಕಕ್ಕೆ ಸೇರಿಸಿದ್ದ. ತಪ್ಪೆಂದು ನಾನು ಬೈದೆ. ಈಗ ಅನ್ನಿಸುತ್ತದೆ, ಅವನು ಇಟ್ಟ ಜಾಗ ಸರಿಯಾಗಿಯೇ ಇತ್ತು.

ಯಾಕೆಂದರೆ ಅದರಲ್ಲಿ ಪತ್ತೇದಾರಿಗೆ ಬೇಕಾದ ಸಾಮಾನೆಲ್ಲ ಇದೆ. ಕೆಸರೂರು ಎಂಬ ಮಲೆನಾಡಿನ ಊರು. ಏಲಕ್ಕಿ ಬೆಳೆ ನೆಲ ಕಚ್ಚುತ್ತಿದೆ. ಏಲಕ್ಕಿ ಸಂಶೋಧನೆಯ ಜೋಗಿಹಾಳ್ ಅನುಮಾನಾಸ್ಪದವಾಗಿ ಸತ್ತಿದ್ದಾನೆ. ಪತ್ತೆ ಮಾಡಲು ಅಂಗಾಡಿ ಎಂಬ ಗುಪ್ತಚರ ಅಧಿಕಾರಿ ಬರುತ್ತಾನೆ. ಕೃಷ್ಣೇಗೌಡರ ಮನೆಯ ಹೆಂಚಿನ ಮೇಲೆ ಕಲ್ಲು ಬೀಳುತ್ತವೆ, ಎಸೆಯುವವರು ಕಾಣುವುದಿಲ್ಲ. ಕ್ರಾಂತಿ ಮಾಡಲು ಹೊರಟ ಕಾಲೇಜು ಹುಡುಗರಿದ್ದಾರೆ. ರಫಿ ಮತ್ತು ಜಯಂತಿ ಎಂಬಿಬ್ಬರು ಪ್ರೀತಿಸುತ್ತಿದ್ದಾರೆ. ಇಷ್ಟನ್ನೆಲ್ಲ ತೇಜಸ್ವಿ ಹೇಳುವುದು ನಗುತ್ತ ನಗಿಸುತ್ತ. ಗಿರೀಶ ಕಾರ್ನಾಡರು ಇದನ್ನು ದೂರದರ್ಶನಕ್ಕೆ ಚಿತ್ರವಾಗಿಯೂ ಮಾಡಿದರು.

ಎರಡು ವಾರ ಕಳೆದು ಪುಸ್ತಕ ಕೈಗೆ ಬಂದಾಗ ಕುತೂಹಲದಿಂದ ಮೊದಲ ಪುಟ ತೆರೆದೆ. ಪಾಪಿ ಓದಿದ್ದ. ಆದರೆ ಹೆಸರಿಲ್ಲ. ಕೆಂಪು ಪೆನ್ಸಿಲಿನಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ನಾನು ಕಂಡಂತೆ ಆತ ಸೋತದ್ದು ಅದೊಂದೇ ಸಲ.

ಮುಂದಿನ ತಿಂಗಳುಗಳಲ್ಲಿ ಆ ಪುಟ ತುಂಬುತ್ತ ಹೋಯಿತು. ಚಿಹ್ನೆಯ ಕೆಳಗೆ ನೀಲಿ ಶಾಯಿಯಲ್ಲಿ, ‘ನನಗೂ ಗೊತ್ತಾಗಲಿಲ್ಲ’. ಅದರ ಕೆಳಗೆ ಹೆಂಗಸರ ದುಂಡು ಅಕ್ಷರದಲ್ಲಿ, ‘ಇನ್ನೊಮ್ಮೆ ಓದಿ’. ಆಮೇಲೆ ಯಾರೋ ಕಾದಂಬರಿಯ ಒಂದು ಮುಸ್ಲಿಂ ಪಾತ್ರದ ಹೆಸರು ಬರೆದು ಅಡಿಗೆರೆ ಎಳೆದಿದ್ದರು. ಇನ್ನು ಯಾರೋ ಅದನ್ನು ಹೊಡೆದು ಹಾಕಿ ಗೌಡರ ಹೆಸರು ಬರೆದಿದ್ದರು. ಮೂರನೆಯವನು ಎರಡನ್ನೂ ಹೊಡೆದು ‘ಸರ್ಕಾರ’ ಎಂದಿದ್ದ. ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದ ಅನ್ನಿ. ನಾನು ಮೊದಲು ನಕ್ಕೆ. ಆಮೇಲೆ ಹೊತ್ತು ಕಳೆದಂತೆ ಆ ಪುಟ ನೋಡಲು ಮುಜುಗರವಾಯಿತು. ಆ ಮುಸ್ಲಿಂ ಪಾತ್ರದ ಮೇಲೆ ಬೆರಳು ತೋರಿಸಿದವನಿಗೆ ಕಾದಂಬರಿಯೊಳಗೆ ಸಾಕ್ಷಿ ಸಿಕ್ಕಿತ್ತೆ, ಇಲ್ಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತ್ತೆ? ತೇಜಸ್ವಿ ಕೆಸರೂರಿನ ಜನ ಹೇಗೆ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆಂದು ಇಡೀ ಪುಸ್ತಕ ಬರೆದರೆ, ನಮ್ಮ ಊರಿನವರು ಅದನ್ನು ಅದರ ಮೊದಲ ಪುಟದಲ್ಲೇ ಆಡಿ ತೋರಿಸಿಬಿಟ್ಟಿದ್ದರು.

ಓದುಗರ ದೂರುಗಳಲ್ಲಿ ಮೊದಲನೆಯದು ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲರದು. ಅಂಗಾಡಿ ತನಿಖೆ ಮಾಡುವ ರೀತಿ ಅವರಿಗೆ ಸುತರಾಂ ಹಿಡಿಸಲಿಲ್ಲ. “ಈ ಮನುಷ್ಯ ಕೇಸ್ ಡೈರಿ ಬರೆಯೋ ಹಾಗೇ ಕಾಣಲ್ಲ ಮೇಷ್ಟ್ರೇ” ಎಂದು ಪುಸ್ತಕ ಮೇಜಿಗೆ ಬಡಿದು ಹೋದರು. ಅವರಿಗೆ ನಾನು ಉತ್ತರ ಕೊಡಲಿಲ್ಲ. ಲಾಠಿ ಹಿಡಿದ ಕೈ.

ಪೋಸ್ಟಾಫೀಸಿನಲ್ಲಿದ್ದ ಒಬ್ಬ ಅಮ್ಮನ ದೂರು ಬೇರೆ. ಅವರು ಪ್ರೀತಿಯ ಕತೆ ಇದೆಯೆಂದು ಯಾರೋ ಹೇಳಿದ್ದಕ್ಕೆ ತೆಗೆದುಕೊಂಡು ಹೋಗಿದ್ದರು. “ಆ ಮಕ್ಕಳನ್ನ ನಾಲ್ಕು ಪುಟ ನೆಮ್ಮದಿಯಾಗಿ ಮಾತಾಡೋಕೆ ಬಿಡಬಾರದಿತ್ತಾ ಈ ಮಹಾನುಭಾವ? ಆ ಹುಡುಗಿ ಮನಸ್ಸಲ್ಲಿ ಏನಿದೆ ಅಂತ ಇನ್ನೊಂಚೂರು ಹೇಳಬಾರದಿತ್ತಾ?” ಎಂದರು. ದೂರಿನ ಎರಡನೆಯ ಭಾಗವನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಜಯಂತಿಗೆ ಇನ್ನೂ ನಾಲ್ಕು ಮಾತು ಕೊಡಬಹುದಿತ್ತು. ತೇಜಸ್ವಿಯವರ ಗಂಡಸರಿಗೆ ಸಿಗುವ ಹರಟೆಯ ಸುಖ ಅವರ ಹೆಂಗಸರಿಗೆ ಸಿಗುವುದು ಅಪರೂಪ. ಮೊದಲ ಭಾಗಕ್ಕೆ ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕಿಟಕಿಯಿಂದ ಕೆಳಗೆ ಬಸ್ ಸ್ಟ್ಯಾಂಡು ನೋಡುತ್ತ, “ಅಲ್ಲ, ಬಿಡೋದಾದ್ರೂ ಎಲ್ಲಿ ಬಿಡ್ತಾರೆ ಹೇಳಿ, ನಮ್ಮೂರಲ್ಲಿ ಬಿಡ್ತಾರಾ?” ಎಂದರು. ಊರಿನಲ್ಲಿ ಯಾರಿಗೆ ಯಾರ ಕಾಗದ ಬರುತ್ತದೆ ಎಂದು ಬಲ್ಲವರ ಮಾತು ಅದು. ಸಣ್ಣ ಊರಿನಲ್ಲಿ ಪ್ರೀತಿಗೆ ಸಾವಿರ ಪತ್ತೇದಾರರು. ಕೊಲೆ ಮಾಡಿದವನು ತಪ್ಪಿಸಿಕೊಂಡಾನು. ಹೋಟೆಲಿನಲ್ಲಿ ಒಂದೇ ಮೇಜಿಗೆ ಕೂತ ಹುಡುಗ ಹುಡುಗಿ ತಪ್ಪಿಸಿಕೊಳ್ಳಲಾರರು. ಈ ಕಾದಂಬರಿಯ ಹಾಸ್ಯವೂ ಭಯವೂ ಇರುವುದು ಅಲ್ಲೇ ಎಂದು ನನ್ನ ಎಣಿಕೆ.

ಒಬ್ಬ ಹುಡುಗ, ಎರಡನೆಯ ಬಿ.ಎ., ಸಿಟ್ಟಾಗಿ ಬಂದ. ಕ್ರಾಂತಿಯ ಹುಡುಗರನ್ನು ತೇಜಸ್ವಿ ಗೇಲಿ ಮಾಡಿದ್ದಾರೆಂದು. ಲೋಹಿಯಾರನ್ನು ಓದಿಕೊಂಡು, ಸಮಾಜವಾದಿಗಳ ಜೊತೆ ಓಡಾಡಿ ಬೆಳೆದವರೇ ತೇಜಸ್ವಿ, ತಮ್ಮನ್ನೇ ನೋಡಿ ನಕ್ಕಿರಬಾರದೇಕೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಗಡ್ಡ ಬಿಡುತ್ತಿದ್ದ ವಯಸ್ಸು.

ನಾನು ಮರೆಯಲಾರದ ಓದುಗ ಮಾತ್ರ ಒಬ್ಬ ಏಲಕ್ಕಿ ಬೆಳೆಗಾರ. ವರ್ಷಕ್ಕೆ ಒಂದೋ ಎರಡೋ ಪುಸ್ತಕ ಓದುವವರು. ಒಂದು ಸಂಜೆ ಪುಸ್ತಕದ ಜೊತೆಗೆ ಪಂಚೆಯ ಮಡಿಲಿನಲ್ಲಿ ಒಂದು ಏಲಕ್ಕಿ ಎಲೆಯನ್ನೂ ತಂದಿದ್ದರು. ಮೇಜಿನ ಮೇಲೆ ಹಾಸಿ, ದೀಪದ ಕೆಳಗೆ ಎಳೆದರು. ಎಳೆಯ ಎಲೆ, ನಡುದಿಂಡಿನಿಂದ ಅಂಚಿನ ಕಡೆಗೆ ನರಗಳಗುಂಟ ತಿಳಿಹಸಿರು ಗೆರೆಗಳು, ತುಂಡು ತುಂಡಾಗಿ, ಹಸಿರು ಸೀರೆಯ ಮೇಲೆ ಬಣ್ಣ ಬಿಟ್ಟ ಹಾಗೆ. “ಇದೇ ಕಟ್ಟೆ ರೋಗ” ಎಂದರು. ನನಗೆ ಕೇಳಿ ಗೊತ್ತಿತ್ತು, ಕಂಡಿರಲಿಲ್ಲ. ಅದು ವೈರಸ್ಸಿನಿಂದ ಬರುವ ರೋಗ. ಗಿಡದಿಂದ ಗಿಡಕ್ಕೆ ಅದನ್ನು ಒಯ್ಯುವುದು ಗಿಡಹೇನು. ಬಂದ ಗಿಡಕ್ಕೆ ಮದ್ದಿಲ್ಲ, ಬುಡಸಮೇತ ಕಿತ್ತು ನಾಶ ಮಾಡಬೇಕು. ಕೀಳಲು ಮನಸ್ಸು ಬಾರದೆ ಬಿಟ್ಟರೆ ಪಕ್ಕದ ಬುಡಕ್ಕೆ ಹೋಗುತ್ತದೆ.

“ಎಲ್ಲರೂ ಕೊಂದೋನು ಯಾರು, ಕೊಂದೋನು ಯಾರು ಅಂತ ಇಲ್ಲಿ ಗೀಚಿದಾರಲ್ಲ ಮೇಷ್ಟ್ರೇ” ಎಂದು ಮೊದಲ ಪುಟಕ್ಕೆ ಬೆರಳಿಟ್ಟರು. “ನನ್ನ ಏಲಕ್ಕಿ ಮಲೆ ಕೊಂದೋರು ಯಾರು ಹೇಳಿ ನೋಡಾಣ. ಹೇನಾ? ನೆರಳಿನ ಮರ ಕಡಿದು ಮಾರಿದ ನಮ್ಮಪ್ಪನಾ? ಗಿಡ ಕೀಳ್ರೋ ಅಂದ್ರೆ ಮುಂದಿನ ವರ್ಷ ನೋಡಾಣ ಅಂದ ನಮ್ಮಣ್ಣನಾ? ಅರಬ್ಬರಿಗೆ ನಮಗಿಂತ ಅಗ್ಗಕ್ಕೆ ಮಾರಿದ ಗ್ವಾಟೆಮಾಲಾದೋರಾ? ನಾನು ಯಾರ ಮೇಲೆ ಕೇಸ್ ಹಾಕ್ಲಿ?”

ನಾನು ಕನ್ನಡ ಎಂ.ಎ. ಓದಿದವನು. ನವ್ಯದ ಬಗ್ಗೆ, ಸಂಕೇತದ ಬಗ್ಗೆ ಗಂಟೆಗಟ್ಟಲೆ ಪಾಠ ಹೇಳಿದ್ದೇನೆ. ಈ ಕಾದಂಬರಿಯನ್ನು ಅಷ್ಟು ಚೊಕ್ಕವಾಗಿ ಬಿಡಿಸಿ ಹೇಳಿದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಅವರು ಹೇಳಿದ ಲೆಕ್ಕ ನಿಜವೂ ಹೌದು. ಮಳೆಕಾಡಿನ ನೆರಳು, ತೇವ ಇದ್ದರೆ ಮಾತ್ರ ಏಲಕ್ಕಿ. 1980ರ ಹೊತ್ತಿಗೆ ಗ್ವಾಟೆಮಾಲಾ ಜಗತ್ತಿನ ಮಾರುಕಟ್ಟೆಯಲ್ಲಿ ನಮ್ಮನ್ನು ಹಿಂದೆ ಹಾಕಿತ್ತು. ಕೊಲೆಗಾರನೊಬ್ಬ ಬೇಕೇಬೇಕೆಂದು ಹಟ ಹಿಡಿದರೆ ಯಾರೋ ಒಬ್ಬರ ಹೆಸರು ಬರೆಯಬಹುದು, ನಮ್ಮ ಮೊದಲ ಪುಟದ ಹಾಗೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿಗೆ ಇದು ಎಲೆಯ ಗೆರೆಯ ಮಟ್ಟದಲ್ಲಿ ಗೊತ್ತಿತ್ತು. ‘ಚಿದಂಬರ ರಹಸ್ಯ’ ಬಂದ ಒಂಬತ್ತು ವರ್ಷದ ಮೇಲೆ, ‘ಜುಗಾರಿ ಕ್ರಾಸ್’ನಲ್ಲಿ, ಏಲಕ್ಕಿ ಮಾರಿದ ದುಡ್ಡಿನ ಹಿಂದೆಯೇ ಅವರು ಇನ್ನೊಂದು ರಹಸ್ಯದ ಕತೆ ಓಡಿಸಿದರಲ್ಲ, ಆ ಕಾಯಿಯ ಸಹವಾಸ ಅವರನ್ನು ಬಿಡಲಿಲ್ಲ.

ಶೀರ್ಷಿಕೆಯಲ್ಲೇ ಅವರು ಎಚ್ಚರಿಸಿದ್ದರು ಅನ್ನಿ. ತಮಿಳುನಾಡಿನ ಚಿದಂಬರಕ್ಕೆ ಹೋದವರಿಗೆ ಗೊತ್ತು. ನಟರಾಜನ ಪಕ್ಕದಲ್ಲಿ ಒಂದು ಪರದೆ. ಅರ್ಚಕರು ಅದನ್ನು ಸರಿಸಿದರೆ ಬಂಗಾರದ ಬಿಲ್ವಪತ್ರೆಯ ಸರಗಳು ತೂಗುತ್ತವೆ. ಅವುಗಳ ಹಿಂದೆ ಮೂರ್ತಿಯಿಲ್ಲ, ಬಯಲು. ಅದೇ ಆಕಾಶಲಿಂಗ. ಬಿಡಿಸಲಾಗದ ಗುಟ್ಟಿಗೆ ನಾವು ದಿನಬಳಕೆಯಲ್ಲಿ ‘ಚಿದಂಬರ ರಹಸ್ಯ’ ಅನ್ನುತ್ತೇವೆ. ನಮ್ಮ ಕಾನ್‌ಸ್ಟೆಬಲರು ಪರದೆ ಸರಿಸಿ ಕೈಕೋಳ ಹಿಡಿದು ನಿಂತವರು. ಅಲ್ಲಿ ಯಾರೂ ಇರಲಿಲ್ಲವೆಂಬುದು ಅವರ ಸಿಟ್ಟು.

ಕಾದಂಬರಿಯ ಕೊನೆಯಲ್ಲಿ ಬರುವ ಬೆಂಕಿಯ ಬಗ್ಗೆ ಎಲ್ಲರಿಗೂ ತಕರಾರಿತ್ತು, ನನಗೂ ಇತ್ತು. ಇಷ್ಟು ಎಳೆ ಬಿಚ್ಚಿದ ಮೇಲೆ ಕಟ್ಟಲಾರದೆ ಲೇಖಕ ಬೆಂಕಿ ಇಟ್ಟು ಕೈ ತೊಳೆದುಕೊಂಡ ಎಂದು ನಾನೇ ತರಗತಿಯಲ್ಲಿ ಹೇಳಿದ್ದೆ. ಆ ಅಭಿಪ್ರಾಯ ಬದಲಾದದ್ದು ಒಂದು ಮಾರ್ಚ್ ತಿಂಗಳಲ್ಲಿ, ಊರಾಚೆಯ ಗುಡ್ಡಕ್ಕೆ ಬೆಂಕಿ ಬಿದ್ದಾಗ. ಕಾಡು ಕಡಿದ ಜಾಗದಲ್ಲೆಲ್ಲ ಲಂಟಾನ ಆಳೆತ್ತರ ಬೆಳೆದಿತ್ತು. ಹೂ ಚೆಂದ, ಮಕ್ಕಳು ಕಪ್ಪು ಹಣ್ಣು ತಿನ್ನುತ್ತಿದ್ದವು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಒಣಗಿದ ಮೇಲೆ ಅದು ಪಟಪಟ ಸಿಡಿಯುತ್ತ ಮನೆಗಳ ಹಿತ್ತಿಲ ತನಕ ಬಂತು. ಕಾದಂಬರಿಯಲ್ಲೂ ಕೆಸರೂರಿನ ಸುತ್ತ ಇದೇ ಲಂಟಾನ. ನಾವು ಜಗಳ, ಗಾಳಿಸುದ್ದಿ, ಚುನಾವಣೆ, ಪ್ರೀತಿ ಎಂದು ಓದುತ್ತ ಹೋಗುವಾಗ ಅದು ಸುಮ್ಮನೆ ಬೆಳೆಯುತ್ತಿರುತ್ತದೆ. ಆ ರಾತ್ರಿ ಸೊಪ್ಪು ಬಡಿಯುತ್ತ ನನ್ನ ಪಕ್ಕ ನಿಂತಿದ್ದವರು ಏಲಕ್ಕಿಯವರು. ಮುಖವೆಲ್ಲ ಮಸಿ. “ಪುಸ್ತಕ ಓದಿದ್ದು ಸಾಕಾಯ್ತಾ ಮೇಷ್ಟ್ರೇ?” ಎಂದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆ ಪ್ರತಿಯ ಕತೆ ಹೇಳಿ ಮುಗಿಸುತ್ತೇನೆ. ಓದಿ ಓದಿ ಹೊಲಿಗೆ ಬಿಟ್ಟಿತೆಂದು ಬೈಂಡಿಂಗಿಗೆ ಕೊಟ್ಟೆವು. ಬೈಂಡರ್ ಗಲೀಜಾಗಿದೆಯೆಂದು ಆ ಮೊದಲ ಪುಟವನ್ನೇ ಕಿತ್ತೆಸೆದು ಹೊಸ ಬಿಳಿ ಹಾಳೆ ಅಂಟಿಸಿ ತಂದ. ಅವನ ಮೇಲೆ ನಾನು ರೇಗಿದಷ್ಟು ನನ್ನ ವಿದ್ಯಾರ್ಥಿಗಳ ಮೇಲೂ ರೇಗಿಲ್ಲ. ಅದು ಜೂನ್ ತಿಂಗಳು. ಪುಸ್ತಕ ಯಾರಿಗೂ ಕೊಟ್ಟಿರಲಿಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ. ಬೂಷ್ಟು ಹಿಡಿಯದಿರಲೆಂದು ಉಳಿದವುಗಳ ಜೊತೆ ಕಟ್ಟಿ ಒಂದು ರಾತ್ರಿ ಕೆಳಗಿಟ್ಟಿದ್ದೆವು, ಅಷ್ಟೇ. ಬೆಳಿಗ್ಗೆ ಕಟ್ಟು ಬಿಚ್ಚಿದರೆ ಹೊಸ ಹಾಳೆಯ ಮೇಲೆ ಕೆಂಪು ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ.

ನಾನು ಪುಸ್ತಕ ಕೈಯಲ್ಲಿ ಹಿಡಿದು ಟೈಲರ್ ಕಡೆ ನೋಡಿದೆ. ಲೈಬ್ರರಿಯಿಂದ ಒಂದು ದಿನವೂ ಒಂದು ಪುಸ್ತಕ ಎರವಲು ತೆಗೆದುಕೊಂಡವನಲ್ಲ ಆತ. ಯಾರದೋ ಅಂಗಿಯ ಅಳತೆ ತೆಗೆಯುತ್ತಿದ್ದ. ಎದೆ ಮೂವತ್ತೆಂಟು ಅಂದವನು, ಬರೆದುಕೊಳ್ಳಲು ಕಿವಿಯ ಸಂದಿಗೆ ಕೈ ಹಾಕಿದ.