ಜ್ಞಾನದ ಸ್ಥಿರಸಂಕೇತ



1791ರಲ್ಲಿ ಆಂಗ್ಲರ ವಶವಾದ ಗಿರಿದುರ್ಗದಿಂದ ಇತಿಹಾಸದಲ್ಲಿ ಹೆಸರಾದ, ಗಡಿನಾಡಿನ ನಮ್ಮ ರಾಯಕೋಟೆಯು ವಿದ್ವಾಂಸರಿಗೆ ಪರಿಚಿತವಾದುದು ಒಂದು ತಾಮ್ರಶಾಸನದಿಂದ. ಅಶ್ವತ್ಥಾಮನಿಗೂ ನಾಗಕನ್ಯೆಗೂ ಜನಿಸಿದ ಸ್ಕಂದಶಿಷ್ಯನ ಕಥೆಯನ್ನು ಒಳಗೊಂಡ ಆ ಶಾಸನವನ್ನು ಶಾಸನತಜ್ಞ ಹುಲ್ಟ್ಜ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಸಂಪುಟವನ್ನೂ ಪುಟವನ್ನೂ ಸೂಚಿಸಿದರೆ ಸಾಕು, ಮೈಸೂರಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಓದುಗನು ಇಂದಿಗೂ ಅದೇ ಪಾಠವನ್ನು ಕಾಣುವನು.

1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಆರಂಭಿಸಿದ ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳಿಗೆ ತಾಲ್ಲೂಕಿನ ಹೆಸರನ್ನೂ ಕ್ರಮಸಂಖ್ಯೆಯನ್ನೂ ಇತ್ತು, ಕಲ್ಲು ಎಲ್ಲಿದ್ದರೂ ಉಲ್ಲೇಖವು ಕೆಡದಂತಹ ವ್ಯವಸ್ಥೆಯನ್ನು ಕಲ್ಪಿಸಿದರು. ಹಾಗೆಯೇ ಮುದ್ರಿತ ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆಯು 1970ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು.

ಆದರೆ ಲೇಖನಗಳು ಅಂತರ್ಜಾಲವನ್ನು ಸೇರಿದಾಗ ಹೊಸ ವಿಪತ್ತೊಂದು ಒದಗಿತು. ಅಲ್ಲಿನ ವಿಳಾಸವು ಕೃತಿಯನ್ನಲ್ಲ, ಕೃತಿಯಿರುವ ತಾಣವನ್ನು ಸೂಚಿಸುವುದರಿಂದ, ಸಂಸ್ಥೆಯು ತನ್ನ ಕಡತಗಳನ್ನು ಸ್ಥಳಾಂತರಿಸಿದೊಡನೆ ಅಡಿಟಿಪ್ಪಣಿಗಳೆಲ್ಲ ನಿರರ್ಥಕವಾದವು. ಇದಕ್ಕೆ ಪರಿಹಾರವಾಗಿ ಅಮೆರಿಕದ ರಾಬರ್ಟ್ ಕಾನ್ ಮತ್ತು ಅವರ ಸಹೋದ್ಯೋಗಿಗಳು, ಕೃತಿಗೆ ಸ್ಥಿರಸಂಕೇತವನ್ನಿತ್ತು ಅದರೊಡನೆ ವಿಳಾಸವನ್ನು ನೋಂದಾಯಿಸುವ ‘ಹ್ಯಾಂಡಲ್’ ವ್ಯವಸ್ಥೆಯನ್ನು ರೂಪಿಸಿದರು. ಅದರ ಮೇಲೆಯೇ ‘ಡಿಒಐ’ ಎಂಬ ಸಂಕೇತವು ನಿಂತಿತು. 2000ದಲ್ಲಿ ಪ್ರಕಾಶಕರು ಒಡಗೂಡಿ, ಲೇಖನಗಳಿಗೆ ಡಿಒಐ ನೋಂದಾಯಿಸುವ ಸಂಸ್ಥೆಯಾದ ‘ಕ್ರಾಸ್‌ರೆಫ್’ ಅನ್ನು ಸ್ಥಾಪಿಸಿದರು. 2012ರಲ್ಲಿ ಡಿಒಐ ಅಂತರರಾಷ್ಟ್ರೀಯ ಮಾನದಂಡವೆನಿಸಿತು. ಹತ್ತು ಎಂಬ ಅಂಕೆಯಿಂದ ಆರಂಭವಾಗುವ ಈ ಸಂಕೇತವು ಎಂದಿಗೂ ಬದಲಾಗದು. ಬದಲಾಗುವುದು ಅದರೊಡನೆ ನೋಂದಣಿಯಾಗಿರುವ ವಿಳಾಸ ಮಾತ್ರ. ಭಾರತದ ವಿಶ್ವವಿದ್ಯಾಲಯಗಳ ಪ್ರೌಢಪ್ರಬಂಧಗಳ ಭಂಡಾರವಾದ ‘ಶೋಧಗಂಗಾ’ವೂ ತನ್ನಲ್ಲಿರುವ ಕನ್ನಡ ಪ್ರಬಂಧಗಳಿಗೆ ಹ್ಯಾಂಡಲ್ ಸಂಕೇತವನ್ನೇ ನೀಡುತ್ತದೆ.

ಆದರೂ ಸಂಖ್ಯೆಗೆ ಸ್ವತಃ ಚಿರಂಜೀವಿತ್ವವಿಲ್ಲವೆಂಬುದನ್ನು ನಾವು ಮರೆಯಲಾಗದು. ವಿಳಾಸವು ಬದಲಾದಾಗಲೆಲ್ಲ ನೋಂದಣಿಯನ್ನು ತಿದ್ದುವ ಹೊಣೆಯನ್ನು ಸಂಸ್ಥೆಯೊಂದು ತಲೆಮಾರುಗಳವರೆಗೆ ಹೊತ್ತರೆ ಮಾತ್ರ ಅದು ಸ್ಥಿರ. ಹೊರದಿದ್ದರೆ ಅದೂ ಬರಿಯ ಅಂಕೆಗಳ ಸಾಲು.

ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ನಮ್ಮಂತಹ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಇದು ಪರೋಕ್ಷದ ವಿಷಯವಲ್ಲ. ಅವನ ಪಾಲಿಗೆ ಅಂತರ್ಜಾಲವೇ ಗ್ರಂಥಾಲಯ. ಆದುದರಿಂದ ‘ಪ್ರಬುದ್ಧ ಕರ್ನಾಟಕ’ದಂತಹ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಗಣಕಕ್ಕೆ ಏರಿಸುವವರು ಚಿತ್ರಗಳನ್ನು ತೆಗೆದಿಟ್ಟು ತೃಪ್ತರಾಗದೆ, ಪ್ರತಿಯೊಂದು ಲೇಖನಕ್ಕೂ ಸ್ಥಿರಸಂಕೇತವನ್ನು ಕೊಡಬೇಕು, ಕೊಟ್ಟ ಸಂಕೇತವನ್ನು ಕಾಯುವುದಕ್ಕೆ ಜನವನ್ನೂ ಧನವನ್ನೂ ಮೊದಲೇ ಗೊತ್ತುಮಾಡಬೇಕು.