ಅಂಕಿತ ಯಾರದು, ತಂಡ ಯಾರದು?

ರಘು ದೀಕ್ಷಿತರದ್ದು ಬ್ಯಾಂಡೇ ಅಲ್ಲ, ಒಬ್ಬ ಗಾಯಕ ಮತ್ತು ಬಾಡಿಗೆಯ ವಾದ್ಯದವರು ಅಷ್ಟೆ ಎಂದು ರಾಕ್ ಬಲ್ಲ ನಮ್ಮ ಹುಡುಗರು ವಾದಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಇವತ್ತು ಆ ಒಂದು ಜಗಳವನ್ನೇ ಹಿಡಿದು ಮಾತಾಡುತ್ತೇನೆ.

ಹಿಂದಿನದು ನಿಮಗೆ ಗೊತ್ತೇ ಇದೆ. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಗಿಟಾರನ್ನು ತಾವೇ ರೂಢಿಸಿಕೊಂಡ ರಘು 1990ರ ದಶಕದ ಕೊನೆಗೆ ಪಿಟೀಲಿನ ಎಚ್.ಎನ್. ಭಾಸ್ಕರ್ ಅವರೊಡನೆ ‘ಅಂತರಾಗ್ನಿ’ ತಂಡ ಕಟ್ಟಿದರು. ಅದು ಒಡೆಯಿತು. ಆಮೇಲಿನದು ‘ರಘು ದೀಕ್ಷಿತ್ ಪ್ರಾಜೆಕ್ಟ್’: ಯಾರು ಬೇಕಾದರೂ ಬಂದು ಸೇರಬಹುದು, ಬಿಟ್ಟು ಹೋಗಲೂಬಹುದು. ಸಂಗೀತ ಕಂಪನಿಗಳು ಬೇಡವೆಂದ ಹಾಡುಗಳು ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕೈಹಿಡಿದ ಮೇಲೆ 2008ರಲ್ಲಿ ಆಲ್ಬಂ ಆದವು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ತತ್ವಪದ: ಗುಡುಗುಡಿಯದು, ಸೋರುವ ಮಾಳಿಗೆಯದು. ಗಾಯಕ ಸಿ. ಅಶ್ವತ್ಥರ ಕಂಠದಲ್ಲಿ ನಾಡಿಗೆಲ್ಲ ಪಾಠವಾದ ಮಾಳಿಗೆಯನ್ನು ಮತ್ತೆ ಮುಟ್ಟಲು ಧೈರ್ಯ ಬೇಕು.

ಜನ ಬದಲಾದರೆ ತಂಡ ಉಳಿಯುವುದಿಲ್ಲವೇ? ಕಟೀಲು ಯಕ್ಷಗಾನ ಮೇಳವನ್ನೇ ನೋಡಿ. ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ವೇಷಧಾರಿ ಮುಂದಿನ ತಿರುಗಾಟಕ್ಕೆ ಇನ್ನೊಂದು ಮೇಳದ ಚೌಕಿಯಲ್ಲಿ ಬಣ್ಣ ಹಚ್ಚುತ್ತಾನೆ. ಭಾಗವತರೂ ಬದಲಾಗುತ್ತಾರೆ. ಮೇಳ ಮಾತ್ರ ಹೊರಡುತ್ತದೆ. ಹಾಗಾದರೆ ಪ್ರಾಜೆಕ್ಟೂ ಮೇಳವೇ ಎಂದು ನಾನು ಬಹಳ ಕಾಲ ಗಟ್ಟಿಯಾಗಿ ಹೇಳಿಕೊಂಡು ಬಂದೆ.

ಕಾರ್ಕಳದಲ್ಲಿ ನಮಗೆ ಕನ್ನಡ ಕಲಿಸಿದ ಮಾಸ್ಟ್ರು ಪದ ಓದಿಸುವಾಗ ಮೊದಲು ಕೊನೆಯ ಸಾಲಿಗೆ ಬೆರಳಿಡಿಸುತ್ತಿದ್ದರು. “ಅಂಕಿತ ನೋಡಿ ಮಕ್ಕಳೇ, ಆಮೇಲೆ ಅರ್ಥ” ಎನ್ನುತ್ತಿದ್ದರು. ಎಷ್ಟೋ ವರ್ಷದ ನಂತರ ಆ ಆಲ್ಬಂ ಕೇಳುವಾಗ ಅವರ ಬೆರಳು ನೆನಪಾಯಿತು. ಶರೀಫರ ಪದಗಳು ಮುಗಿಯುವುದು ಶಿಶುನಾಳಾಧೀಶನ ಹೆಸರಿನಲ್ಲಿ. ಊರಿನ ದೇವರು ಇದ್ದಾನೆ, ಶರೀಫರಿಲ್ಲ. ಮೇಳದ ಹೆಸರೂ ಹಾಗೆಯೇ, ದೇವಿಯದು. ಆಲ್ಬಂ ರಕ್ಷಾಪುಟದಲ್ಲಿ ಮಾತ್ರ ಗಾಯಕನ ಹೆಸರು. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ತಂಡಕ್ಕೋ ಯಾರ ಹೆಸರೂ ಇಲ್ಲ, ‘ಸ್ವರಾತ್ಮ’. ಒಂದೇ ಮನೆಯಲ್ಲಿ ಎರಡು ದಾರಿ!

ನನ್ನ ವಾದ ಸಿಕ್ಕಿಬೀಳುವುದು ಇಲ್ಲೇ. ಹತ್ತಾರು ಕೈಗಳು ದುಡಿದ ಹಾಡಿಗೆ ಒಬ್ಬರ ಅಂಕಿತ ಸರಿಯೇ? ಅಥವಾ ಎಲ್ಲರೂ ಬಿಟ್ಟುಹೋದ ಮೇಲೂ ನಿಂತು ಹಾಡಿದವನಿಗೆ ಅಷ್ಟು ಹಕ್ಕು ಇಲ್ಲವೇ? ಭಾಸ್ಕರರ ಪಿಟೀಲು ಕೂಡಿದ್ದ ಆ ‘ಅಂತರಾಗ್ನಿ’ ಉಳಿದಿದ್ದರೆ ನಾವು ಇವತ್ತು ಯಾರ ಹೆಸರು ಹೇಳುತ್ತಿದ್ದೆವು? ನಿಮ್ಮಲ್ಲಿ ಬ್ಯಾಂಡ್ ಕಟ್ಟಿದವರಿದ್ದೀರಿ, ನೀವು ಹೇಳಿ.